ವಾಸನೆಯ ನೆನಪಿನಲ್ಲಿ ಗಮನದ ಪಾತ್ರವೇನು? ಪದೇ ಪದೇ ಕೇಳುವ ಪ್ರಶ್ನೆಗಳು

ವಾಸನೆ ಮತ್ತು ನೆನಪಿನ ಬಗ್ಗೆ ಮಾತು ಶುರುವಾದರೆ ಸಾಕು, ಅದುವರೆಗೆ ಸುಮ್ಮನೆ ಕೂತಿದ್ದವರೂ ಬಾಯಿ ಬಿಡುತ್ತಾರೆ. ಪ್ರತಿಯೊಬ್ಬರಿಗೂ ಹೇಳಿಕೊಳ್ಳಲು ಒಂದು ವಾಸನೆ ಇರುತ್ತದೆ. ಹಾಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲಿನಿಂದಲೇ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಮೊದಲ ಪ್ರಶ್ನೆಗಳು

ವಾಸನೆ ಮೂಗಿಗೆ ತಾನಾಗೇ ಬಡಿಯುತ್ತೆ. ಅದಕ್ಕೆ ‘ಗಮನ ಕೊಡೋದು’ ಅಂದ್ರೆ ಏನು?

ಕಣ್ಣಿಗೆ ರೆಪ್ಪೆ ಇದೆ, ಬೇಕಾದ ಕಡೆ ಹೊರಳುವ ಗುಡ್ಡೆ ಇದೆ. ಮೂಗಿಗೆ ಎರಡೂ ಇಲ್ಲ, ಇರುವುದು ಉಸಿರು ಒಂದೇ. ಏನೋ ವಾಸನೆ ಎಂಬ ಅನುಮಾನ ಬಂದ ಕ್ಷಣದಲ್ಲಿ ನಾವು ಮಾಡುವುದನ್ನು ಗಮನಿಸಿ: ಮಾತು ನಿಲ್ಲುತ್ತದೆ, ಕತ್ತು ತುಸು ಮೇಲೇಳುತ್ತದೆ, ಎರಡು ಮೂರು ಸಲ ಗಾಳಿಯನ್ನು ಚಿಕ್ಕದಾಗಿ, ಬಿರುಸಾಗಿ ಎಳೆದುಕೊಳ್ಳುತ್ತೇವೆ. ಈ ಮೂಸುವಿಕೆಯೇ ವಾಸನೆಯ ಲೋಕದಲ್ಲಿ ಗಮನದ ಮೊದಲ ರೂಪ. ಮಾಮೂಲಿ ಉಸಿರಾಟದಲ್ಲಿ ಒಳಬಂದ ಗಾಳಿಯ ಸಣ್ಣ ಪಾಲು ಮಾತ್ರ ಮೂಗಿನ ಮೇಲ್ಭಾಗದಲ್ಲಿರುವ ವಾಸನೆಯ ಪೊರೆಯನ್ನು ಮುಟ್ಟುತ್ತದೆ. ಮೂಸಿದಾಗ ಆ ಪಾಲು ಹೆಚ್ಚುತ್ತದೆ.

ಮೂಸುವುದು ಬರೀ ಗಾಳಿ ತುಂಬಿಕೊಳ್ಳುವ ಕೆಲಸವೂ ಅಲ್ಲ. ವಾಸನೆಯೇ ಇಲ್ಲದ ಗಾಳಿಯನ್ನು ಮೂಸಿದರೂ ಮಿದುಳಿನ ವಾಸನೆಯ ಭಾಗ ಚುರುಕಾಗುತ್ತದೆ ಎಂದು ಸಂಶೋಧಕ ನೋಮ್ ಸೊಬೆಲ್ ಮತ್ತು ಸಂಗಡಿಗರು 1998ರಲ್ಲೇ ತೋರಿಸಿದ್ದರು. 2005ರಲ್ಲಿ ಕ್ರಿಸ್ಟಿನಾ ಜೆಲಾನೊ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಿದುಳಿನ ಹೊರಪದರದಲ್ಲಿ (ಕಾರ್ಟೆಕ್ಸ್) ವಾಸನೆಯನ್ನು ಮೊದಲು ಬರಮಾಡಿಕೊಳ್ಳುವ ಪೈರಿಫಾರ್ಮ್ ಕಾರ್ಟೆಕ್ಸಿನ ಒಂದು ಭಾಗ ಗಮನವಿದ್ದರೂ ಇಲ್ಲದಿದ್ದರೂ ಕೆಲಸ ಮಾಡುತ್ತಿತ್ತು. ಅದರ ಮುಂಭಾಗ ಗಮನ ಕೊಟ್ಟಾಗ ಹೆಚ್ಚು ಎಚ್ಚೆತ್ತುಕೊಳ್ಳುತ್ತಿತ್ತು. ಒಂದೇ ಮನೆಗೆ ಎರಡು ಬಾಗಿಲು ಇದ್ದಂತೆ. ಮುಂದಿನ ಎಷ್ಟೋ ಉತ್ತರಗಳಿಗೆ ಇದೇ ತಳಹದಿ.

ಮನೆಗೆ ಬಂದವರು ‘ಏನೋ ವಾಸನೆ’ ಅಂತಾರೆ. ನನಗೆ ಗೊತ್ತೇ ಆಗಲ್ಲ. ನನ್ನ ಮೂಗು ಕೆಟ್ಟಿದೆಯಾ?

ಇಲ್ಲ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗಿನ ನರಕೋಶಗಳು ಕೆಲವೇ ನಿಮಿಷಗಳಲ್ಲಿ ಸಪ್ಪೆಯಾಗುತ್ತವೆ, ಮಿದುಳೂ ಅದನ್ನು ಹಿನ್ನೆಲೆಗೆ ತಳ್ಳುತ್ತದೆ. ಹೊಸದಾಗಿ ಬರಬಹುದಾದ ಹೊಗೆಯನ್ನೋ ಅನಿಲವನ್ನೋ ಹಿಡಿಯಬೇಕಾದರೆ ಹಳೆಯದನ್ನು ಪಕ್ಕಕ್ಕಿಡಲೇಬೇಕು. ಒಂದಷ್ಟು ಹೊತ್ತು ಹೊರಗೆ ಅಡ್ಡಾಡಿ ಬಂದು ಬಾಗಿಲು ತೆಗೆಯಿರಿ. ಮೊದಲ ಒಂದೆರಡು ಉಸಿರಿನಲ್ಲಿ ನಿಮ್ಮ ಮನೆಯ ವಾಸನೆ ನಿಮಗೂ ಸಿಗುತ್ತದೆ. ಮೂರನೆಯದರ ಹೊತ್ತಿಗೆ ಕೈತಪ್ಪಲೂಬಹುದು.

ಕೆಲಸದಲ್ಲಿ ಮುಳುಗಿದ್ದೆ, ಪಕ್ಕದ ಕೋಣೆಯಲ್ಲಿ ಏನೋ ಸೀದು ಹೋದರೂ ತಿಳಿಯಲಿಲ್ಲ. ಹೀಗೂ ಆಗುತ್ತಾ?

ಖಂಡಿತ ಆಗುತ್ತದೆ. ಸೋಫಿ ಫಾರ್ಸ್ಟರ್ ಮತ್ತು ಚಾರ್ಲ್ಸ್ ಸ್ಪೆನ್ಸ್ 2018ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಕುರಿತದ್ದು. ಕಾಫಿಯ ವಾಸನೆ ಹರಡಿದ್ದ ಕೋಣೆಯಲ್ಲಿ ಜನರನ್ನು ಕೂರಿಸಿ ಕಣ್ಣಿಗೆ ಕೆಲಸ ಕೊಟ್ಟರು. ಕೆಲವರಿಗೆ ಸಲೀಸಾದದ್ದು, ಕೆಲವರಿಗೆ ಕಷ್ಟದ್ದು. ಕಷ್ಟದ ಕೆಲಸ ಸಿಕ್ಕವರಲ್ಲಿ ವಾಸನೆಯನ್ನು ಗುರುತಿಸಿದವರು ತೀರ ಕಡಿಮೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆಮೇಲಿನ ಸಂಗತಿ. ಕೆಲಸ ಮುಗಿದ ಮೇಲೆ ನೋಡಿಕೊಂಡರಾಯಿತು ಎನ್ನುವಂತಿರಲಿಲ್ಲ, ಅಷ್ಟರಲ್ಲಿ ಮೂಗು ಆ ವಾಸನೆಗೆ ಒಗ್ಗಿ ಹೋಗಿರುತ್ತಿತ್ತು. ಕಣ್ತಪ್ಪಿದ ವಸ್ತುವನ್ನು ತಿರುಗಿ ನೋಡಬಹುದು. ಮೂಗುತಪ್ಪಿದ ವಾಸನೆಗೆ ಆ ಅವಕಾಶ ಬಲುಬೇಗ ಮುಗಿದುಹೋಗುತ್ತದೆ.

ನಿದ್ದೆಯಲ್ಲಿ ಮೂಗು ಕೆಲಸ ಮಾಡುತ್ತಾ?

ಮಾಡುತ್ತದೆ, ಆದರೆ ಎಬ್ಬಿಸುವುದಿಲ್ಲ. ಗಾಢ ನಿದ್ದೆಯಲ್ಲಿದ್ದವರು ಬಲವಾದ ವಾಸನೆಗೂ ಏಳಲಿಲ್ಲ ಎಂದು ಮೇರಿ ಕಾರ್ಸ್ಕಡನ್ ಮತ್ತು ರೇಚಲ್ ಹರ್ಟ್ಸ್ 2004ರಲ್ಲಿ ವರದಿ ಮಾಡಿದರು. ಹೊಗೆ ಬಂದರೆ ಎಚ್ಚರವಾಗುತ್ತದೆ ಎಂದು ಯಾರೂ ನಂಬಿ ಮಲಗಬಾರದು, ಸದ್ದು ಮಾಡುವ ಅಲಾರ್ಮ್ ಬೇಕೇ ಬೇಕು. ಹಾಗೆಂದು ಆ ವಾಸನೆ ವ್ಯರ್ಥವಾಗುವುದೂ ಇಲ್ಲ. 2007ರಲ್ಲಿ ಬ್ಯೋರ್ನ್ ರಾಶ್ ಮತ್ತು ಸಂಗಡಿಗರು ಗುಲಾಬಿಯ ವಾಸನೆಯ ನಡುವೆ ಜನರಿಗೆ ಕಾರ್ಡುಗಳ ಜಾಗಗಳನ್ನು ಕಲಿಸಿದರು. ರಾತ್ರಿ ಗಾಢ ನಿದ್ದೆಯಲ್ಲಿ ಅದೇ ವಾಸನೆ ಬಿಟ್ಟಾಗ ಮರುದಿನ ಜಾಗಗಳು ಹೆಚ್ಚು ಚೆನ್ನಾಗಿ ನೆನಪಿದ್ದವು.

## ನೆನಪಿನ ಒಳಗೆ

ನಾನು ಗಮನವೇ ಕೊಡದ ವಾಸನೆ ಇಷ್ಟು ವರ್ಷ ಹೇಗೆ ಉಳಿದಿತ್ತು?

ಬಂದ ಪತ್ರಗಳಲ್ಲಿ ಅತಿ ಹೆಚ್ಚು ಸಲ ಕಂಡ ಪ್ರಶ್ನೆ ಇದು. ನನಗೆ ತೀರ ಹತ್ತಿರದ್ದೂ ಹೌದು. ಹಳೆಯ ಮರದ ಕಪಾಟು ತೆರೆದಾಗ ಶಾಲೆಯ ಗ್ರಂಥಾಲಯ ಎದುರು ಬಂದು ನಿಲ್ಲುತ್ತದೆ. ಆದರೆ ಆ ಗ್ರಂಥಾಲಯದಲ್ಲಿ ಕೂತಿದ್ದಾಗ ‘ಇಲ್ಲಿ ಹೀಗೆ ವಾಸನೆ ಬರುತ್ತಿದೆ’ ಎಂದು ಒಮ್ಮೆಯೂ ಅಂದುಕೊಂಡಿರುವುದಿಲ್ಲ.

1999ರಲ್ಲಿ ಡೇಗಲ್ ಮತ್ತು ಕೋಸ್ಟರ್ ಎಂಬ ಸಂಶೋಧಕರು ಕೋಣೆಗಳಲ್ಲಿ ಲ್ಯಾವೆಂಡರ್ ಅಥವಾ ಮಲ್ಲಿಗೆಯ ವಾಸನೆಯನ್ನು ತೀರ ತೆಳುವಾಗಿ ಬಿಟ್ಟು, ಅಲ್ಲಿ ಜನರಿಗೆ ಬೇರೆಯೇ ಪರೀಕ್ಷೆಗಳನ್ನು ಕೊಟ್ಟರು. ವಾಸನೆಯ ಸುದ್ದಿಯೇ ಎತ್ತಲಿಲ್ಲ. ಆಮೇಲೆ ಹಲವು ಜಾಗಗಳ ಚಿತ್ರಗಳನ್ನೂ ಹಲವು ವಾಸನೆಗಳನ್ನೂ ಮುಂದಿಟ್ಟು, ಯಾವುದು ಯಾವುದಕ್ಕೆ ಒಪ್ಪುತ್ತದೆ ಎಂದು ಕೇಳಿದರು. ತಾವು ಕೂತಿದ್ದ ಕೋಣೆಗೆ ಅಲ್ಲಿದ್ದ ವಾಸನೆಯೇ ಹೆಚ್ಚು ಒಪ್ಪುತ್ತದೆ ಎಂದವರು, ಆ ವಾಸನೆಯ ಹೆಸರು ಹೇಳಲಾಗದವರು! ‘ಇದು ಲ್ಯಾವೆಂಡರ್’ ಎಂದು ಗುರುತಿಸಬಲ್ಲವರಲ್ಲಿ ಈ ಅಂಟು ಕಾಣಲಿಲ್ಲ. ಅವರಿಗೆ ಲ್ಯಾವೆಂಡರ್ ಎಂದರೆ ಸೋಪು, ತೋಟ, ಇನ್ನೂ ನೂರೆಂಟು. ಹೆಸರಿಲ್ಲದ ವಾಸನೆಗಾದರೋ ಆ ಕೋಣೆ ಬಿಟ್ಟರೆ ಬೇರೆ ನೆಲೆಯಿಲ್ಲ.

ಇದನ್ನು ಓದಿದ ಮೇಲೆ ಗಮನದ ಬಗ್ಗೆ ನನ್ನ ಎಣಿಕೆಯೇ ಬದಲಾಯಿತು. ಗಮನ ಕೊಟ್ಟದ್ದು ಉಳಿಯುತ್ತದೆ, ಕೊಡದ್ದು ಅಳಿಯುತ್ತದೆ ಎಂಬ ಲೆಕ್ಕ ವಾಸನೆಗೆ ಹೊಂದುವುದಿಲ್ಲ. ವಾಸನೆ ಕೇಳದೆಯೇ ಒಳಗೆ ಬಂದು ಕೂರುತ್ತದೆ. ಗಮನ ಮಾಡುವ ಕೆಲಸ ಅದಕ್ಕೆ ವಿಳಾಸ ಬರೆಯುವುದು. ವಿಳಾಸ ಇದ್ದರೆ ಬೇಕೆಂದಾಗ ಹೋಗಿ ಬಾಗಿಲು ತಟ್ಟಬಹುದು. ಇಲ್ಲದಿದ್ದರೆ ಅದೇ ವಾಸನೆ ಎಲ್ಲೋ ಮತ್ತೆ ಎದುರಾಗುವವರೆಗೆ ಕಾಯಬೇಕು.

ನಮ್ಮ ಮಾತಿನಲ್ಲೇ ಇದರ ಸುಳಿವಿದೆ. ‘ವಾಸನೆ’ ಎಂದರೆ ಮೂಗಿಗೆ ಬಡಿಯುವುದೂ ಹೌದು, ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟುಹೋದ ಸಂಸ್ಕಾರವೂ ಹೌದು. ಹೂವು ತೆಗೆದ ಮೇಲೂ ಬುಟ್ಟಿಯಲ್ಲಿ ಉಳಿಯುವಂಥದ್ದು. ಯಾರೂ ಗಮನವಿಟ್ಟು ಅದನ್ನು ಅಲ್ಲಿ ಇಟ್ಟಿರುವುದಿಲ್ಲ.

ಫೋಟೋ ನೋಡಿದಾಗ ಆಗದ್ದು ವಾಸನೆ ಬಂದಾಗ ಆಗುತ್ತೆ. ಎದೆಯೇ ತುಂಬಿ ಬರುತ್ತೆ. ಯಾಕೆ?

ಹಾದಿ ಗಿಡ್ಡ. ನೋಟ, ಶಬ್ದ, ಸ್ಪರ್ಶ ಮೂರೂ ಥಾಲಮಸ್ ಎಂಬ ಠಾಣೆಯನ್ನು ದಾಟಿ ಕಾರ್ಟೆಕ್ಸಿಗೆ ಹೋಗುತ್ತವೆ. ವಾಸನೆಯ ಸಂಕೇತ, ಮೂಗಿನ ಮೇಲ್ಗಡೆ ಮಿದುಳಿನಲ್ಲಿ ಅದನ್ನು ಮೊದಲು ಪಡೆಯುವ ಘ್ರಾಣಗಡ್ಡೆಯಿಂದ ನೇರವಾಗಿ ಪೈರಿಫಾರ್ಮ್ ಕಾರ್ಟೆಕ್ಸಿಗೂ ಭಾವನೆಯ ಕೇಂದ್ರವಾದ ಅಮಿಗ್ಡಲಕ್ಕೂ ನೆನಪಿನ ಹೆಬ್ಬಾಗಿಲಿನಂಥ ಎಂಟೊರೈನಲ್ ಕಾರ್ಟೆಕ್ಸಿಗೂ ತಲುಪುತ್ತದೆ. ಏನೆಂದು ಗುರುತಿಸುವ ಮೊದಲೇ ಹೇಗನ್ನಿಸಬೇಕೋ ಹಾಗನ್ನಿಸಿರುತ್ತದೆ. ಥಾಲಮಸ್ಸಿಗೆ ಇಲ್ಲಿ ಕೆಲಸವೇ ಇಲ್ಲ ಎಂದಲ್ಲ: ವಾಸನೆಗೆ ಬೇಕೆಂದೇ ಗಮನ ಕೊಟ್ಟಾಗ ಥಾಲಮಸ್ ಮತ್ತು ಹಣೆಯ ಹಿಂದಿನ ಆರ್ಬಿಟೊಫ್ರಂಟಲ್ ಕಾರ್ಟೆಕ್ಸಿನ ನಡುವಿನ ಹಾದಿ ಬಲಗೊಳ್ಳುತ್ತದೆ ಎಂದು 2008ರ ಅಧ್ಯಯನವೊಂದು ತೋರಿಸಿತು.

ಇನ್ನೊಂದು ಕಾರಣ ವಯಸ್ಸು. ಪದಗಳನ್ನು ಹೇಳಿ ನೆನಪು ಕೆದಕಿದರೆ ಹಿರಿಯರಲ್ಲಿ ಹರೆಯದ, ಅಂದರೆ 11ರಿಂದ 25ರ ವಯಸ್ಸಿನ ನೆನಪುಗಳು ಹೆಚ್ಚು ಬರುತ್ತವೆ. ವಾಸನೆ ತೋರಿಸಿ ಕೆದಕಿದರೆ 6ರಿಂದ 10ರ ವಯಸ್ಸಿನವು. ಸೈಮನ್ ಚೂ ಮತ್ತು ಜಾನ್ ಡೌನ್ಸ್ 2000ದಲ್ಲಿ ಕಂಡದ್ದು ಇದು. ಆ ವಯಸ್ಸಿನ ಫೋಟೋಗಳನ್ನು ನಾವು ನೂರು ಸಲ ನೋಡಿರುತ್ತೇವೆ, ಆ ಕಥೆಗಳನ್ನು ನೂರು ಸಲ ಹೇಳಿರುತ್ತೇವೆ. ವಾಸನೆಯನ್ನು ಯಾರೂ ಅಷ್ಟು ಬಳಸಿ ಸವೆಸಿರುವುದಿಲ್ಲ.

ವಾಸನೆಯ ನೆನಪು ಮಾಸೋದೇ ಇಲ್ಲ ಅಂತಾರಲ್ಲ, ನಿಜವಾ?

ಅರ್ಧ ನಿಜ. 1973ರಲ್ಲಿ ಟ್ರಿಗ್ ಎಂಗನ್ ಮತ್ತು ಬ್ರೂಸ್ ರಾಸ್ ಕೆಲವು ವಾಸನೆಗಳನ್ನು ತೋರಿಸಿ, ಆಮೇಲೆ ಯಾವುದು ಹಳೆಯದು ಯಾವುದು ಹೊಸದು ಎಂದು ಕೇಳಿದರು. ಕೂಡಲೇ ಕೇಳಿದರೂ ಜನ ಸರಿ ಹೇಳಿದ್ದು ನೂರಕ್ಕೆ ಸುಮಾರು 70. ಚಿತ್ರಗಳಿಗೆ ಹೋಲಿಸಿದರೆ ಇದು ಕಡಿಮೆಯೇ. ಅಚ್ಚರಿಯೆಂದರೆ ತಿಂಗಳುಗಳು ಉರುಳಿದರೂ ಆ ಅಂಕ ಅಷ್ಟಾಗಿ ಇಳಿಯಲಿಲ್ಲ. ಅಂದರೆ ವಾಸನೆ ಒಳಗೆ ಹೋಗುವಾಗಲೇ ಸೋರುತ್ತದೆ, ಹೋದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಗಮನದ ಲಾಭ ಹೆಚ್ಚಾಗಿ ಆ ಮೊದಲ ಗಳಿಗೆಯಲ್ಲೇ ಸಿಗುವಂಥದ್ದು.

ಮೂಗಿಗೆ ಗೊತ್ತು, ಬಾಯಿಗೆ ಬರಲ್ಲ. ‘ಇದು... ಇದು...’ ಅಂತ ನಿಂತುಬಿಡ್ತೀನಿ. ಇದೇನು?

ನಾಲಗೆಯ ತುದಿಯಲ್ಲಿ ಮಾತು ಸಿಕ್ಕಿಕೊಳ್ಳುವುದರ ಅಣ್ಣ ಇದು. ಹ್ಯಾರಿ ಲಾಲೆಸ್ ಮತ್ತು ಎಂಗನ್ 1977ರಲ್ಲಿ ಇದನ್ನು ‘ಮೂಗಿನ ತುದಿಯ’ ಸ್ಥಿತಿ ಎಂದು ಕರೆದರು. ನಾಲಗೆಯ ತುದಿಯಲ್ಲಿರುವ ಪದದ ಮೊದಲ ಅಕ್ಷರವೋ ಉದ್ದವೋ ಸ್ವಲ್ಪ ಹೊಳೆಯುತ್ತದೆ. ಇಲ್ಲಿ ಅದೂ ಇಲ್ಲ, ಬರೀ ಪರಿಚಯದ ಬಿಸಿ. ಹೀಗಾದಾಗ ಮತ್ತೆ ಮತ್ತೆ ಮೂಸಬೇಡಿ, ಮೂಗು ಒಗ್ಗಿಬಿಡುತ್ತದೆ. ಒಮ್ಮೆ ಮೂಸಿ, ದೂರ ಸರಿದು, ‘ಇದು ಎಲ್ಲಿತ್ತು? ಒಳಗೋ ಹೊರಗೋ? ಒದ್ದೆಯೋ ಒಣಗಿದ್ದೋ?’ ಎಂದು ಜಾಗವನ್ನು ಹುಡುಕಿ. ಜಾಗ ಸಿಕ್ಕರೆ ಹೆಸರು ಹಿಂದೆಯೇ ಬರುವುದು ನನ್ನ ಅನುಭವ.

ಹೆಸರಿಟ್ಟರೆ ನೆನಪು ಗಟ್ಟಿಯಾಗುತ್ತಾ?

ಆಗುತ್ತದೆ. ಲೈಮನ್ ಮತ್ತು ಮೆಕ್‌ಡೇನಿಯಲ್ ಅವರ 1986ರ ಪ್ರಯೋಗದಲ್ಲಿ ಸುಮ್ಮನೆ ಮೂಸಿದವರಿಗಿಂತ, ವಾಸನೆಗೆ ಹೆಸರು ಕೊಟ್ಟು ವಿವರಿಸಿದವರೂ ಅದನ್ನು ಬದುಕಿನ ಒಂದು ಘಟನೆಗೆ ಜೋಡಿಸಿದವರೂ ವಾರ ಕಳೆದ ಮೇಲೆ ಅದನ್ನು ಹೆಚ್ಚು ಚೆನ್ನಾಗಿ ಗುರುತಿಸಿದರು.

ಆದರೆ ಹೆಸರಿಗೆ ಬೆಲೆ ತೆರಬೇಕಾಗುತ್ತದೆ. 2005ರ ಒಂದು ಅಧ್ಯಯನದಲ್ಲಿ ಒಂದೇ ವಾಸನೆಗೆ ಒಮ್ಮೆ ‘ಚೆಡ್ಡರ್ ಚೀಸ್’ ಎಂದೂ ಇನ್ನೊಮ್ಮೆ ‘ಮೈ ವಾಸನೆ’ ಎಂದೂ ಚೀಟಿ ತೋರಿಸಿದರು. ಚೀಸ್ ಎಂದಾಗ ಹಿತವಾಗಿದೆ ಎಂದರು, ಮೈ ಎಂದಾಗ ಮುಖ ಸಿಂಡರಿಸಿದರು, ಆರ್ಬಿಟೊಫ್ರಂಟಲ್ ಕಾರ್ಟೆಕ್ಸಿನ ಚಟುವಟಿಕೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಕಣ್ಣು ಕೂಡ ಹೀಗೇ ದಾರಿ ತಪ್ಪಿಸುತ್ತದೆ: ಫ್ರಾನ್ಸಿನ ಬೋರ್ಡೋದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ 54 ಮಂದಿ ವಿದ್ಯಾರ್ಥಿಗಳು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಆ ವರದಿ 2001ರದ್ದು. ಗಮನ ತಪ್ಪು ಹೆಸರಿನ ಮೇಲೆ ಕೂತರೆ ನೆನಪೂ ಆ ತಪ್ಪಿನ ಆಕಾರವನ್ನೇ ತಾಳುತ್ತದೆ.

ಹಾಗಾಗಿ ವಸ್ತುವಿನ ಹೆಸರಿಗೆ ಹಾರುವ ಮೊದಲು ವಾಸನೆಯ ಗುಣಕ್ಕೆ ಪದ ಹುಡುಕಿ. ಕನ್ನಡದಲ್ಲಿ ಅದಕ್ಕೆ ಬಡತನವಿಲ್ಲ. ತೇವದಲ್ಲಿ ಮುಚ್ಚಿಟ್ಟದ್ದರದು ಮುಗ್ಗಲು, ಎಣ್ಣೆಯಂಶ ಹಳತಾದರೆ ಕಮಟು, ಕಂಪು ಬೇರೆ, ಘಮ ಬೇರೆ, ಸೊಗಡು ಬೇರೆ. ಘಾಟು ಅಂತೂ ಅಪ್ಪಟ ವಾಸನೆಯೇ ಅಲ್ಲ: ಮೂಗನ್ನು ಚುಚ್ಚಿ ಕಣ್ಣಲ್ಲಿ ನೀರು ತರಿಸುವ ಆ ಅನುಭವ ಟ್ರೈಜೆಮಿನಲ್ ಎಂಬ ಬೇರೆ ನರದ್ದು. ಅದಕ್ಕೊಂದು ಬೇರೆಯೇ ಪದವಿಟ್ಟ ಹಿರಿಯರ ಮೂಗಿನ ಬಗ್ಗೆ ನನಗೆ ಅಪಾರ ಗೌರವ. ಮಲಯ ಪರ್ಯಾಯ ದ್ವೀಪದ ಜಹಾಯ್ ಜನರ ಭಾಷೆಯಲ್ಲಿ ವಾಸನೆಗೆಂದೇ ಮೀಸಲಾದ ಪದಗಳಿವೆ. ಅವರು ವಾಸನೆಗಳನ್ನು ಬಣ್ಣಗಳಷ್ಟೇ ಸಲೀಸಾಗಿ ಹೆಸರಿಸುತ್ತಾರೆ ಎಂದು ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹಲ್ಟ್ 2014ರಲ್ಲಿ ತೋರಿಸಿದರು.

ಕಣ್ಣು ಮುಚ್ಚಿದರೆ ಅಜ್ಜಿಯ ಮುಖ ಬರುತ್ತೆ, ಧ್ವನಿ ಬರುತ್ತೆ. ವಾಸನೆ ಮಾತ್ರ ಬರಲ್ಲ.

ಹೆಚ್ಚಿನವರಿಗೆ ಹೀಗೇ. ಒಂದು ಚಿಕ್ಕ ಉಪಾಯವಿದೆ: ವಾಸನೆಯನ್ನು ಕಲ್ಪಿಸಿಕೊಳ್ಳುವಾಗ ನಿಜಕ್ಕೂ ಮೂಸಿ. ಕಲ್ಪನೆಯಲ್ಲಿ ಹಿತವಾದ ವಾಸನೆ ಇದ್ದಾಗ ಜನ ತಮಗೇ ತಿಳಿಯದಂತೆ ದೊಡ್ಡದಾಗಿ ಮೂಸುತ್ತಾರೆ, ಮೂಗು ಕಟ್ಟಿದರೆ ಕಲ್ಪನೆಯೇ ಮಂಕಾಗುತ್ತದೆ ಎಂದು 2003ರ ಪ್ರಯೋಗವೊಂದು ಹೇಳಿತು. ಸುಗಂಧ ತಯಾರಿಸುವವರು ವರ್ಷಗಟ್ಟಲೆ ಅಭ್ಯಾಸದಿಂದ ಇದನ್ನು ಕರಗತ ಮಾಡಿಕೊಂಡಿರುತ್ತಾರೆ.

## ಇನ್ನೂ ಆಳಕ್ಕೆ

ತೀರಿಕೊಂಡ ಅಮ್ಮನ ಬಟ್ಟೆ ಇಟ್ಟುಕೊಂಡಿದ್ದೀನಿ. ಮೂಸಿ ಮೂಸಿ ವಾಸನೆ ಹೋಗ್ತಿದೆಯಾ, ಇಲ್ಲ ನನ್ನ ನೆನಪು ಹೋಗ್ತಿದೆಯಾ?

ನನ್ನ ತಂದೆಯ ಉಣ್ಣೆಯ ಸ್ವೆಟರೊಂದನ್ನು ನಾನೂ ಹೀಗೆ ಇಟ್ಟುಕೊಂಡಿದ್ದೆ, ಜಿಪ್ ಇರುವ ಚೀಲದಲ್ಲಿ. ಕತ್ತಿನ ಪಟ್ಟಿಯಲ್ಲಿ ಕ್ಷೌರದ ಸೋಪು, ಬಲತೋಳಿನ ತುದಿಯಲ್ಲಿ ಪೆನ್ನಿನ ಶಾಯಿ, ಮಿಕ್ಕ ಕಡೆಯೆಲ್ಲ ಅವರು. ಮೊದಲ ವಾರ ದಿನಕ್ಕೆ ಮೂರು ನಾಲ್ಕು ಸಲ ತೆರೆಯುತ್ತಿದ್ದೆ. ಎರಡನೆಯ ತಿಂಗಳ ಹೊತ್ತಿಗೆ ಚೀಲ ತೆರೆದರೆ ನೆನಪಾಗುತ್ತಿದ್ದುದು ತಂದೆಯಲ್ಲ, ಕಪಾಟಿನ ಮುಂದೆ ನೆಲದ ಮೇಲೆ ಕೂತ ನಾನು.

ಅಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತಿದ್ದವು. ಹಗುರ ಅಣುಗಳು ಪ್ರತಿ ಸಲ ತೆರೆದಾಗಲೂ ಹಾರಿಹೋಗುತ್ತಿದ್ದವು, ಅದು ನಿಜವಾದ ನಷ್ಟ. ಆಸೆಯಿಂದ ಒಂದೇ ಸಮನೆ ಮೂಸಿದಾಗ ಮೂಗು ಒಗ್ಗುತ್ತಿತ್ತು, ಅದು ತಾತ್ಕಾಲಿಕ. ಮೂರನೆಯದೇ ನಾನು ಎಣಿಸದೆ ಇದ್ದದ್ದು: ಅಷ್ಟೊಂದು ಗಮನದಿಂದ ಮೂಸಿದಾಗಲೆಲ್ಲ ಆ ವಾಸನೆಗೆ ಹೊಸ ಸಂದರ್ಭ ಅಂಟಿಕೊಳ್ಳುತ್ತಿತ್ತು. ಗಮನವೇ ಹಳೆಯ ವಿಳಾಸದ ಮೇಲೆ ಹೊಸದನ್ನು ಬರೆಯುತ್ತಿತ್ತು.

ನಿಮಗೆ ಹೇಳುವುದಿಷ್ಟು. ಬಟ್ಟೆಯನ್ನು ಬಿಗಿ ಮುಚ್ಚಳದ ಗಾಜಿನ ಜಾಡಿಗಳಲ್ಲಿ ಭಾಗ ಮಾಡಿ, ತಂಪಾದ ಕತ್ತಲ ಜಾಗದಲ್ಲಿಡಿ. ಒಂದನ್ನು ಮಾತ್ರ ತೆರೆಯಿರಿ, ಅದೂ ಅಪರೂಪಕ್ಕೆ. ತೆರೆಯುವ ಮೊದಲು ಅಮ್ಮನ ಒಂದು ನಿರ್ದಿಷ್ಟ ಗಳಿಗೆಯನ್ನು ಮನಸ್ಸಿಗೆ ತಂದುಕೊಳ್ಳಿ: ಕೈ ಹೇಗಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು. ಒಂದೆರಡು ಉಸಿರು ಎಳೆದು ಮುಚ್ಚಿಬಿಡಿ. ವಾಸನೆ ಮಸುಕಾಗಿದೆ ಎಂದ ಮಾತ್ರಕ್ಕೆ ನೀವು ಮರೆಯುತ್ತಿದ್ದೀರಿ ಎಂದುಕೊಳ್ಳಬೇಡಿ.

ಒಂದು ಕೆಟ್ಟ ಘಟನೆಯ ದಿನ ಇದ್ದ ವಾಸನೆ ಈಗ ಎಲ್ಲಿ ಬಂದರೂ ನನಗೇ ಮೊದಲು ಗೊತ್ತಾಗುತ್ತೆ. ನನ್ನ ಭ್ರಮೆಯಾ?

ಭ್ರಮೆ ಆಗಬೇಕಿಲ್ಲ. 2008ರಲ್ಲಿ ವೆನ್ ಲೀ, ಜೇ ಗಾಟ್‌ಫ್ರೀಡ್ ಮತ್ತು ಸಂಗಡಿಗರು ಕನ್ನಡಿಯ ಬಿಂಬದಂತಿರುವ ಎರಡು ಅಣುಗಳನ್ನು ಆರಿಸಿಕೊಂಡರು. ಅವುಗಳ ವಾಸನೆಯಲ್ಲಿ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದರ ಜೊತೆ ಮಾತ್ರ ಸಣ್ಣ ವಿದ್ಯುತ್ ಆಘಾತ ಕೊಟ್ಟ ಮೇಲೆ ಅದೇ ಜನ ಎರಡನ್ನೂ ಬೇರೆ ಮಾಡತೊಡಗಿದರು. ಭಯ ಮೂಗನ್ನು ಹರಿತಗೊಳಿಸಿತ್ತು. ಆದರೆ ಆ ವಾಸನೆ ಬಂದಾಗ ಉಸಿರುಗಟ್ಟುವುದು, ದಿನದ ಕೆಲಸ ನಿಂತುಹೋಗುವುದು ಇದ್ದರೆ ಒಬ್ಬರೇ ಹೆಣಗಬೇಡಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಕಲಿತ ಭಯವನ್ನು ಸಡಿಲಿಸುವ ಚಿಕಿತ್ಸೆಗಳಿವೆ.

ಚೆನ್ನಾಗಿ ಗಮನ ಕೊಟ್ಟರೆ ಬೆರೆತ ವಾಸನೆಗಳನ್ನ ಬಿಡಿಸಬಹುದಾ?

ಮೂರು, ಹೆಚ್ಚೆಂದರೆ ನಾಲ್ಕು. ಡೇವಿಡ್ ಲೈಂಗ್ ಅವರ ಪ್ರಯೋಗಗಳಲ್ಲಿ ಪಳಗಿದ ತಜ್ಞರೂ ಆ ಗೆರೆಯನ್ನು ದಾಟಲಿಲ್ಲ. ಮಿಶ್ರಣವನ್ನು ಮಿದುಳು ಒಂದು ಇಡೀ ಮುಖದಂತೆ ನೋಡುತ್ತದೆ. ಆದ್ದರಿಂದಲೇ ‘ಆ ಮನೆಯ ವಾಸನೆ’ ಎಂಬುದು ಒಂದೇ ಏಟಿಗೆ ನೆನಪಾಗುತ್ತದೆ, ಅದರಲ್ಲಿ ಏನೇನಿತ್ತು ಎಂದರೆ ಉತ್ತರ ಬರುವುದಿಲ್ಲ.

ವಾಸನೆಯ ನೆನಪನ್ನ ಬೆಳೆಸಿಕೊಳ್ಳೋಕೆ ಏನು ಮಾಡಲಿ?

ದಿನಕ್ಕೊಂದು ವಾಸನೆ ಸಾಕು. ಬೇರೆಲ್ಲ ಬದಿಗಿಟ್ಟು ಕೂತು, ಎರಡು ಮೂರು ಸಲ ಚಿಕ್ಕದಾಗಿ ಮೂಸಿ. ಗುಣ, ಜಾಗ, ಆ ದಿನದ ಒಂದು ಸಂಗತಿ, ಇಷ್ಟನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ. ಮರುದಿನ ಮೂಸುವ ಮೊದಲೇ ನೆನೆಸಿಕೊಳ್ಳಲು ಯತ್ನಿಸಿ. ಇನ್ನೊಂದು ಸಣ್ಣ ಮಾತು: ಮೂಸಿದ ಮೇಲಿನ ಒಂದು ಗಂಟೆ ಮೂಗಿನಲ್ಲೇ ಉಸಿರಾಡಿದವರು, ಬಾಯಲ್ಲಿ ಉಸಿರಾಡಿದವರಿಗಿಂತ ವಾಸನೆಗಳನ್ನು ಚೆನ್ನಾಗಿ ಗುರುತಿಸಿದರು ಎಂದು ಅರ್ತಿನ್ ಅರ್ಷಾಮಿಯನ್ ಅವರ ತಂಡ 2018ರಲ್ಲಿ ಕಂಡಿತು.

ಕೋವಿಡ್ ಆದಮೇಲೆ ವಾಸನೆ ಪೂರ್ತಿ ಬಂದಿಲ್ಲ. ಗಮನದಿಂದ ಏನಾದರೂ ಆಗುತ್ತಾ?

ಸಹಾಯ ಆಗಬಹುದು. 2009ರಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ರೂಪಿಸಿದ ಅಭ್ಯಾಸದಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, 12 ವಾರ ಮೂಸಬೇಕು. ಒಂದೊಂದಕ್ಕೆ ಸುಮಾರು 10 ಸೆಕೆಂಡು. ಏನೂ ಬಾರದಿದ್ದರೂ ಆ ಹತ್ತು ಸೆಕೆಂಡು ‘ಇದು ಗುಲಾಬಿ’ ಎಂದು ಹಳೆಯ ನೆನಪನ್ನು ಕರೆಯುತ್ತಾ ಮೂಸಿ. ತಿಂಗಳುಗಳು ಹಿಡಿಯಬಹುದು. ವಾಸನೆ ಇದ್ದಕ್ಕಿದ್ದಂತೆ ಹೋದರೆ, ಅಥವಾ ವಯಸ್ಸಾದವರಲ್ಲಿ ಮರೆವಿನ ಜೊತೆ ಹೋಗುತ್ತಿದ್ದರೆ, ಅಭ್ಯಾಸಕ್ಕೆ ಮೊದಲು ವೈದ್ಯರಿಗೆ ತೋರಿಸಿ.

ನನ್ನ ಮಗುವಿಗೆ ಒಳ್ಳೇ ವಾಸನೆಯ ನೆನಪುಗಳನ್ನ ನಾನೇ ಆರಿಸಿ ಕೊಡಬಹುದಾ?

ಯಾವುದು ಉಳಿಯುತ್ತದೆ ಎಂದು ಆರಿಸಲಾಗದು. ಒಂದು ವಸ್ತುವಿನ ಜೊತೆ ಮೊದಲ ಸಲ ಸೇರಿಕೊಂಡ ವಾಸನೆಗೆ ಮಿದುಳಿನಲ್ಲಿ ವಿಶೇಷ ಜಾಗ ಸಿಗುತ್ತದೆ ಎಂದು ಯಾರಾ ಯೆಶುರುನ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಬಾಲ್ಯವೆಂದರೆ ಅಂಥ ಮೊದಲುಗಳ ರಾಶಿ. ಅವುಗಳಲ್ಲಿ ಹೆಚ್ಚಿನವು ನಿಮ್ಮ ಕಣ್ಣಿಗೆ ಬೀಳದೆಯೇ ನಡೆದುಹೋಗುತ್ತವೆ. ನಿಮ್ಮ ಕೈಯಲ್ಲಿರುವುದು ಇಷ್ಟು: ನಡೆಯುತ್ತಿದ್ದ ಮಗು ತಟ್ಟನೆ ನಿಂತು ಗಾಳಿಯನ್ನು ಮೂಸಿದರೆ ಕೈಹಿಡಿದು ಎಳೆಯಬೇಡಿ. ನೀವೂ ನಿಂತು ಮೂಸಿ, ‘ಹೇಗಿದೆ? ಒದ್ದೆಯಾ, ಸಿಹಿಯಾ, ಘಾಟಾ?’ ಎಂದು ಕೇಳಿ. ಅದು ಹೇಳಿದ ಪದ ನಿಮಗೆ ವಿಚಿತ್ರ ಅನ್ನಿಸಿದರೂ ತಿದ್ದಬೇಡಿ.